ಗೆಡ್ಡೆ ಕೋಣೆಯ ಬೆಕ್ಕು

ಕಳೆದ ತಿಂಗಳು ತಮಿಳುನಾಡಿನ ತೇನಿಯಲ್ಲಿ ನನ್ನ ತಂಗಿಯ ಮಗ ಹೊಸ ಮನೆಗೆ ಹಾಲು ಉಕ್ಕಿಸಿದ. ಊಟ ಮುಗಿಯುವ ಹೊತ್ತಿಗೆ ಅವನ ಆಫೀಸಿನವರು ನಾಲ್ಕು ಜನ ಬಂದರು. ಕೈಯಲ್ಲಿ ಒಂದು ಹೂವಿನ ಕಟ್ಟು. ಉದ್ದ ದಂಟಿನ ಬಿಳಿ ಹೂವು, ಒಂದೊಂದೂ ಅಂಗೈಯಗಲ, ಒಳಗೆ ಅರಿಸಿನದಂಥ ಪುಡಿ. ಲಿಲ್ಲಿ ಅಂತೆ. ಗಾಜಿನ ಹೂಜಿಗೆ ನೀರು ಹಾಕಿ ಟಿವಿ ಪಕ್ಕ ಇಟ್ಟರು. ವಾಸನೆ ಮನೆಯೆಲ್ಲ ಹರಡಿತು. ಆ ಮನೆಯ ಬೆಕ್ಕು ಕುರ್ಚಿಯಿಂದ ಇಳಿದು, ಮೈ ಮುರಿದು, ಹೂಜಿಯ ಕಡೆ ನಡೆಯಿತು. ಮೂತಿ ಎತ್ತಿ ಮೂಸಲು ಹೊರಟಿತ್ತು. ನಾನು ಎದ್ದು ಹೂಜಿ ಸಮೇತ ಎತ್ತಿಕೊಂಡು ಹೋಗಿ, ಹೂವನ್ನು ಬೀದಿಯ ಕಸದ ತೊಟ್ಟಿಗೆ ಹಾಕಿದೆ. ನೀರನ್ನು ಚರಂಡಿಗೆ ಸುರಿದೆ.

ತಂಗಿ ಬಾಗಿಲಿಗೆ ಓಡಿ ಬಂದಳು. "ಅಕ್ಕಾ! ಬುದ್ದಿ ಕೆಟ್ಟೋಯ್ತಾ ನಿಂಗೆ? ತಂದೋರು ಇನ್ನೂ ಎಲೆ ಮುಂದೆ ಕೂತವ್ರೆ!"

"ಹೂ ಬೇಕಾ, ಬೆಕ್ಕು ಬೇಕಾ? ಒಂದ್ ಹೇಳು."

"ಮನೆ ಪೂಜೆ ದಿನ ಇದೇನ್ ಮಾತು!"

ವಯಸ್ಸಾಯಿತು ಎಂದು ಎಲ್ಲರೂ ಅಂದುಕೊಂಡರು. ಅಂದುಕೊಳ್ಳಲಿ. ಆ ಪುಡಿ ಬೆಕ್ಕಿನ ಮೈಗೆ ಬಿದ್ದು, ಅದು ಮೈ ನೆಕ್ಕಿಕೊಂಡರೆ ಸಾಕು. ಎಲೆ ಕಚ್ಚಬೇಕೆಂದಿಲ್ಲ. ಹೂಜಿಯ ನೀರು ಕುಡಿದರೂ ಅಷ್ಟೇ. ಕಿಡ್ನಿ ಹೋಗುತ್ತದೆ, ಮೂರು ನಾಲ್ಕು ದಿನದಲ್ಲಿ ಬೆಕ್ಕೂ ಹೋಗುತ್ತದೆ. ಇದು ನಾನು ಶಾಲೆಯಲ್ಲಿ ಕಲಿತದ್ದಲ್ಲ. ನನ್ನ ಶಾಲೆ ಮೂರನೇ ಕ್ಲಾಸಿಗೆ ಮುಗಿಯಿತು, ಅದೂ ತಮಿಳಿನಲ್ಲಿ. ಈಗಲೂ ನಾನು ಹೇಳುತ್ತಿದ್ದೇನೆ, ಕೊಳ್ಳೇಗಾಲದಿಂದ ನಮ್ಮ ಮನೆಗೆ ಬಂದ ಸೊಸೆ ಬರೆಯುತ್ತಿದ್ದಾಳೆ. ತಲೆಮಾರುಗಳಿಂದ ಇಲ್ಲೇ ಇರುವ ನಮ್ಮ ಕನ್ನಡ ಅರ್ಧ ತಮಿಳು ಎಂದು ತಿದ್ದುತ್ತಾಳೆ. ತಿದ್ದಿಕೊಳ್ಳಲಿ. ಹೂವಿನ ವಿಷ ನಾನು ಕಲಿತದ್ದು ಒಡ್ಡನ್‌ಛತ್ರಂ ಹತ್ತಿರ, ಮಗಳ ಮನೆಯಲ್ಲಿ, ಒಂದು ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ. ನನ್ನ ತಪ್ಪಿನಿಂದ ಕಲಿತೆ.

ಮಗಳ ಹೆಸರು ರುಕ್ಕು. ದಿಂಡಿಗಲ್ ಹತ್ತಿರ ನೂಲಿನ ಮಿಲ್ಲಿಗೆ ಕೆಲಸಕ್ಕೆ ಹೋದವಳು ಅಲ್ಲೇ ಒಬ್ಬ ತಮಿಳು ಹುಡುಗನನ್ನು ನೋಡಿಕೊಂಡಳು. ಕೊರಳಿಗೆ ತಾಳಿ ಬಿದ್ದ ಮೇಲೆ ಅವನನ್ನು ಕರೆದುಕೊಂಡು ಬೋಡಿ ಪಕ್ಕದ ನಮ್ಮೂರಿಗೆ ಬಂದು, ನಮ್ಮ ಬಾಗಿಲ ಮುಂದೆ ನಿಂತಳು. ನಾನು ಬಾಗಿಲು ಹಾಕಿದೆ. ಚಿಲಕವನ್ನೂ ಹಾಕಿದೆ. ಎಷ್ಟು ಹೊತ್ತು ನಿಂತಿದ್ದರೋ ನೋಡಲಿಲ್ಲ. ಎಂಟು ವರ್ಷ ಅವಳು ಬರಲಿಲ್ಲ, ನಾನು ಕರೆಯಲಿಲ್ಲ.

ಒಂಬತ್ತನೆಯ ವರ್ಷ, ಆಡಿಗೆ ಮುಂಚಿನ ಆನಿ ತಿಂಗಳಲ್ಲಿ, ಅಳಿಯ ಒಬ್ಬನೇ ಬಂದ. ದುರೈ ಅಂತ ಹೆಸರು. ಮನೆಯೊಳಗೆ ಬರಲಿಲ್ಲ, ಜಗುಲಿಯ ಅಂಚಿನಲ್ಲಿ ಕೂತ. ಅವನು ಆಡುವುದು ತಮಿಳು; ಇಲ್ಲಿ ನಮ್ಮ ಮಾತಿನಲ್ಲೇ ಹೇಳುತ್ತೇನೆ.

"ರುಕ್ಕುಗೆ ಈಗ ಆರು ತಿಂಗಳು. ಹಿಂದೆ ಎರಡು ನಿಲ್ಲಲಿಲ್ಲ. ಮಂಚ ಬಿಟ್ಟು ಇಳಿಯಬಾರದು ಅಂದಿದ್ದಾರೆ. ನನ್ನ ಅಮ್ಮ ಇಲ್ಲ."

"ಅವಳು ಕಳಿಸಿದಳಾ?"

"ಇಲ್ಲ. ನಾನು ಬಂದದ್ದು ಅವಳಿಗೆ ಗೊತ್ತಿಲ್ಲ."

ಸುಳ್ಳು ಹೇಳಲಿಲ್ಲವಲ್ಲ ಎಂದು ಅವನ ಮೇಲೆ ಸ್ವಲ್ಪ ಮರ್ಯಾದೆ ಹುಟ್ಟಿತು. ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಅವನ ಜೊತೆಯೇ ಬಸ್ಸು ಹತ್ತಿದೆ.

ಅವರ ಮನೆ ಕೆಂಪು ನೆಲದ ನಡುವೆ, ಊರಿಂದ ಸ್ವಲ್ಪ ದೂರ. ಸುತ್ತ ನುಗ್ಗೆ ಮರ. ಅಲ್ಲಿಯ ಆಡಿ ಗಾಳಿಯನ್ನು ನಾನು ನಮ್ಮ ಕಂಬಂ ಕಣಿವೆಯಲ್ಲೂ ಕಂಡಿರಲಿಲ್ಲ. ಮಳೆ ಇಲ್ಲ, ಗಾಳಿ ಮಾತ್ರ. ಬೆಳಿಗ್ಗೆ ಶುರುವಾದರೆ ಸಂಜೆಯವರೆಗೆ ನುಗ್ಗೆ ಮರಗಳು ಒಂದೇ ಕಡೆ ಬಾಗಿ ನಿಂತಿರುತ್ತಿದ್ದವು. ಅನ್ನದಲ್ಲಿ ಮಣ್ಣು, ಹಾಸಿಗೆಯಲ್ಲಿ ಮಣ್ಣು. ದೂರದಲ್ಲಿ ತರಕಾರಿ ಲಾರಿಗಳು ಸಂತೆಗೆ ಹೋಗುವ ಸದ್ದು. ಅದು ಬಿಟ್ಟರೆ ಮನುಷ್ಯರ ಸದ್ದಿಲ್ಲ.

ರುಕ್ಕು ಮಂಚದಲ್ಲಿ ಮಲಗಿದ್ದಳು. ನನ್ನನ್ನು ನೋಡಿದಳು. "ವಾಂಗಮ್ಮಾ," ಅಂದಳು. ಅಂದರೆ ಬನ್ನಿ ಅಮ್ಮಾ. ಮನೆಗೆ ಬಂದ ಹೊರಗಿನವರಿಗೆ ಹೇಳುವ ಹಾಗೆ. ನಮ್ಮ ಮನೆಯಲ್ಲಿ ಅವಳಿಗೆ ನಾನು ಅವ್ವ, ನೀನು. ಈ ಮನೆಯಲ್ಲಿ ಅಮ್ಮಾ, ನೀವು, ಅದೂ ತಮಿಳಿನಲ್ಲಿ. ನಾನು ನಮ್ಮ ಮಾತಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಗಂಜಿ ಕೊಟ್ಟರೆ ಕುಡಿಯುತ್ತಿದ್ದಳು, ಕಾಲು ಒತ್ತಿದರೆ ಬೇಡ ಅನ್ನುತ್ತಿರಲಿಲ್ಲ. ಜಗಳವೂ ಇಲ್ಲ. ಜಗಳ ಇದ್ದಿದ್ದರೆ ಚೆನ್ನಾಗಿತ್ತು.

ಅವಳ ಕಾಲ ಹತ್ತಿರ ಒಂದು ಬೆಕ್ಕು ಮಲಗಿರುತ್ತಿತ್ತು. ಕಪ್ಪು ಬಿಳುಪಿನ ಹೆಣ್ಣು, ಎಡಗಿವಿ ತುಸು ಹರಿದಿತ್ತು. ಹೆಸರು ಪಾಪ್ಪಾ. ಕೂಸು ಅಂತ ಅರ್ಥ. ಬೆಕ್ಕಿಗೆ ಆ ಹೆಸರು ಯಾಕೆಂದು ನಾನು ಕೇಳಲಿಲ್ಲ. ಎರಡು ನಿಲ್ಲಲಿಲ್ಲ ಎಂದು ಅಳಿಯ ಹೇಳಿದ್ದನಲ್ಲ.

ಅಳಿಯ ಹೊಲಕ್ಕೆ ಹೋದ ಮೇಲೆ, ರುಕ್ಕು ಕಣ್ಣು ಮುಚ್ಚಿದ ಮೇಲೆ, ಆ ಬೆಕ್ಕು ನನ್ನ ಹಿಂದೆ ಬರುತ್ತಿತ್ತು. ನೀರಿನ ತೊಟ್ಟಿಗೆ ಹೋದರೆ ತೊಟ್ಟಿಗೆ, ಒಲೆಗೆ ಬಂದರೆ ಒಲೆಗೆ. ಅದರ ಜೊತೆ ನಾನು ನಮ್ಮ ಮಾತಾಡುತ್ತಿದ್ದೆ. ಬೆಕ್ಕಿಗೆ ಕನ್ನಡ ಅರ್ಥವಾಗುತ್ತದೆ ಎಂದು ಹೇಳುವಷ್ಟು ಹುಚ್ಚಿ ನಾನಲ್ಲ. ಅದು ಬರುತ್ತಿದ್ದದ್ದು ಒಣಮೀನಿಗೆ. ಆದರೂ ಮೂರು ವಾರ ನನ್ನ ಬಾಯಿಂದ ಬಂದ ನಮ್ಮ ಮಾತೆಲ್ಲ ಆ ಬೆಕ್ಕಿನ ಕಿವಿಗೇ ಹೋಯಿತು.

ಅವರ ಬೆಳೆಯನ್ನು ಹೇಳಬೇಕು. ಅದು ಕಣ್‌ವಲಿ ಗೆಡ್ಡೆ. ನಮ್ಮ ಕಡೆ ಬೇಲಿಯಲ್ಲಿ ತಾನೇ ಹಬ್ಬುವ ಬಳ್ಳಿ. ಬೆಂಕಿಯ ನಾಲಗೆಯ ಹಾಗೆ ಹಳದಿ ಕೆಂಪು ಹೂ ಬಿಡುತ್ತದೆ. ಕನ್ನಡ ನಾಡಿನಲ್ಲಿ ಅಗ್ನಿಶಿಖೆ ಅನ್ನುತ್ತಾರೆ ಎಂದು ಸೊಸೆ ಹೇಳುತ್ತಾಳೆ. ಬೇರಿಂದ ಬೀಜದವರೆಗೆ ವಿಷ. ಬೀಜ ಔಷಧಿ ಮಾಡುವವರಿಗೆ ಹೋಗುತ್ತದೆ, ಅದಕ್ಕೇ ಅಲ್ಲಿಯವರು ಹೊಲ ಹೊಲವಾಗಿ ಬೆಳೆಯುತ್ತಾರೆ. ಗೆಡ್ಡೆ ನೇಗಿಲ ಆಕಾರ, ಎರಡು ಕವಲು. ಕಿತ್ತ ಗೆಡ್ಡೆಯನ್ನು ಮುಂದಿನ ನಾಟಿಯವರೆಗೆ ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ ಮರಳಿನ ಮೇಲೆ ಹಾಸಿಡುತ್ತಾರೆ. ಆಡಿ ಬರುವಷ್ಟರಲ್ಲಿ ನೀರಿಲ್ಲದೆ, ಮಣ್ಣಿಲ್ಲದೆ, ಅವು ತಾವೇ ಮೊಳಕೆ ಬಿಡುತ್ತವೆ.

ನಾನು ಬಂದ ದಿನವೇ ರುಕ್ಕು ಹೇಳಿದ್ದಳು, ಹಿಂದಿನ ಕೋಣೆಯನ್ನು ತೆರೆಯಬೇಡಿ ಎಂದು. ಯಾಕೆ ಎಂದು ಹೇಳಲಿಲ್ಲ. ಅವಳ ಮನೆಯ ವಸ್ತು ನಾನು ಮುಟ್ಟಬಾರದೆಂದು ಹೇಳುತ್ತಾಳೆ ಎಂದುಕೊಂಡೆ. ಮನಸ್ಸಿಗೆ ಚುಚ್ಚಿತು. ಆ ಚುಚ್ಚಿದ್ದೇ ನನ್ನ ತಲೆ ಕೆಡಿಸಿತು.

ಅದೇ ಕೋಣೆಯ ಮೂಲೆಯಲ್ಲಿ ಬಿತ್ತನೆ ಕಡಲೆಕಾಯಿಯ ಮೂಟೆಗಳಿದ್ದವು. ಇಲಿ ಮೂಟೆ ಕೊರೆದಿದೆ ಎಂದು ಅಳಿಯ ಒಂದು ದಿನ ಊಟಕ್ಕೆ ಕೂತಾಗ ಹೇಳಿದ. ನನ್ನ ತವರಿನಲ್ಲಿ ಇದಕ್ಕೊಂದು ಪದ್ಧತಿ ಇತ್ತು. ಬಿತ್ತನೆಗೆ ಮುಂಚೆ ಮೂರು ಸಂಜೆ, ದೀಪ ಹಚ್ಚಿದ ಮೇಲೆ, ಬಿತ್ತನೆಯ ಕೋಣೆಗೆ ಬೆಕ್ಕನ್ನು ಬಿಟ್ಟು ಬಾಗಿಲು ಹಾಕುವುದು. ಬೆಳಿಗ್ಗೆ ತೆಗೆದು, ಕರೆದ ಮೊದಲ ಹಾಲನ್ನು ಅದಕ್ಕೇ ಹಾಕುವುದು. ಬೆಕ್ಕು ಕಾದ ಬಿತ್ತನೆ ಹುಸಿಯಾಗದು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ನಮ್ಮ ಕೋಣೆಯಲ್ಲಿ ಇದ್ದದ್ದು ನೆಲ್ಲು, ರಾಗಿ. ಇಲ್ಲಿ ಇದ್ದದ್ದು ವಿಷ. ಗೆಡ್ಡೆ ವಿಷವೆಂದು ನನಗೂ ಗೊತ್ತಿತ್ತು. ಬೆಕ್ಕು ಎಲ್ಲಾದರೂ ಗೆಡ್ಡೆ ತಿನ್ನುತ್ತದಾ ಎಂದು ನನ್ನ ಲೆಕ್ಕ.

ಆ ಸಂಜೆ ಯಾರಿಗೂ ಹೇಳದೆ ಪಾಪ್ಪಾಳನ್ನು ಎತ್ತಿಕೊಂಡು ಹೋಗಿ ಒಳಗೆ ಬಿಟ್ಟೆ. ಅದು ತಿರುಗಿ ನನ್ನ ಕಡೆಗೇ ಬಂತು. ಕಾಲಿಂದ ಒಳಗೆ ತಳ್ಳಿ ಬಾಗಿಲು ಹಾಕಿದೆ.

ಬೆಳಿಗ್ಗೆ ತೆಗೆದಾಗ ಹೊಸ್ತಿಲಲ್ಲೇ ಒಂದು ಸತ್ತ ಇಲಿ. ಮುಂಗೈಯಷ್ಟು ದಪ್ಪ. ನನಗೆ ಎಷ್ಟು ಹೆಮ್ಮೆ ಅಂದರೆ, ಅದನ್ನು ಬಾಲ ಹಿಡಿದು ಅಳಿಯನಿಗೆ ತೋರಿಸೋಣವೆಂದು ಹೊರಟೆ. ಅಷ್ಟರಲ್ಲಿ ಬೆಕ್ಕು ಹೊರಗೆ ಬಂದು, ಅಂಗಳದಲ್ಲಿ ಬೆನ್ನು ಗೂನು ಮಾಡಿ ವಾಂತಿ ಮಾಡಿತು. ನೊರೆಯ ನಡುವೆ ಹಸಿರು ಚೂರು. ನಾನು ಒಳಗೆ ಹೋಗಿ ನೋಡಿದೆ. ಬಾಗಿಲ ಹತ್ತಿರದ ಸಾಲಿನಲ್ಲಿ ಆರೋ ಏಳೋ ಮೊಳಕೆಗಳ ತುದಿ ಕಚ್ಚಿ ಹೋಗಿತ್ತು.

ಬೆಕ್ಕು ಹುಲ್ಲು ತಿನ್ನುವುದನ್ನು ಯಾರು ನೋಡಿಲ್ಲ? ಹೊಟ್ಟೆ ಸರಿಯಿಲ್ಲದಿದ್ದರೆ, ನೆಕ್ಕಿದ ಕೂದಲು ಹೊರಗೆ ಬರಬೇಕಾದರೆ, ಹಸಿರು ಹುಡುಕುತ್ತದೆ. ಕೂಡಿ ಹಾಕಿದ ಬೆಕ್ಕಿಗೆ ಹುಲ್ಲು ಎಲ್ಲಿಂದ ಬರಬೇಕು? ಆ ಕೋಣೆಯಲ್ಲಿ ಹಸಿರು ಎಂದರೆ ಅದೊಂದೇ.

ಆಗ ನಾನು ಮಾಡಿದ್ದನ್ನು ಸೊಸೆ ಬರೆಯಲೋ ಬೇಡವೋ ಎಂದು ಕೇಳುತ್ತಾಳೆ. ಬರೆ. ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಎಂದು ನನ್ನನ್ನು ಊರೆಲ್ಲ ಬಲ್ಲದು. ಆ ಬೆಳಿಗ್ಗೆ ನಾನು ಬಾಯಿ ಬಿಡಲಿಲ್ಲ. ವಾಂತಿಯ ಮೇಲೆ ಮಣ್ಣು ಹಾಕಿ ಗುಡಿಸಿದೆ. ಕಚ್ಚಿದ ಮೊಳಕೆಗಳ ಮೇಲೆ ಮರಳು ಎಳೆದೆ. ಕಕ್ಕಿತಲ್ಲ, ಸರಿಹೋಗುತ್ತದೆ ಎಂದುಕೊಂಡೆ. ತೆರೆಯಬೇಡ ಅಂದ ಬಾಗಿಲು ತೆರೆದೆ ಎಂದು ಆ ಮನೆಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಮಧ್ಯಾಹ್ನ ರುಕ್ಕು ಮಂಚದಿಂದ ಕೇಳಿದಳು. "ಪಾಪ್ಪಾ ಎಂಗೆ?" ಪಾಪ್ಪಾ ಎಲ್ಲಿ ಅಂತ.

"ಎಲ್ಲೋ ಇಲಿ ಕಾಯ್ತಾ ಕುಂತೈತೆ, ಬತ್ತದೆ," ಅಂದೆ.

ಇಳಿ ಹೊತ್ತಿನಲ್ಲಿ ನೀರಿನ ಡ್ರಮ್ಮಿನ ಹಿಂದೆ ಸಿಕ್ಕಿತು. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಸುರಿಯುತ್ತಿತ್ತು. ಹಿಂಗಾಲೆಲ್ಲ ಗಲೀಜು, ಅದರಲ್ಲಿ ರಕ್ತ. ಮೈ ಮುಟ್ಟಿದರೆ ತಣ್ಣಗೆ. ಅಳಿಯನನ್ನು ಕೂಗಿ ಕರೆದೆ. ಅವನು ಟೊಮೇಟೊ ಕ್ರೇಟಿನಲ್ಲಿ ಗೋಣಿ ಹಾಸಿ ಅದನ್ನು ಮಲಗಿಸಿದ. ಪಕ್ಕದ ಹೊಲದ ಹೆಂಗಸನ್ನು ರುಕ್ಕು ಹತ್ತಿರ ಕೂರಿಸಿ, ಕ್ರೇಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನ ಗಾಡಿಯ ಹಿಂದೆ ಕೂತೆ. ಗಾಳಿಗೆ ಗಾಡಿ ಓಲಾಡುತ್ತಿತ್ತು. ನಾನು ಸೆರಗನ್ನು ಕ್ರೇಟಿಗೆ ಮುಚ್ಚಿ ಹಿಡಿದಿದ್ದೆ.

ಜಾನುವಾರು ಆಸ್ಪತ್ರೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಬಾಗಿಲು ಮುಚ್ಚುವ ಹೊತ್ತು. ಹಸು, ಮೇಕೆ ಬರುವ ಜಾಗಕ್ಕೆ ಬೆಕ್ಕು ತಂದವರೆಂದು ನಮ್ಮನ್ನು ಓಡಿಸಲಿಲ್ಲ. ಕಣ್ಣು ಬಿಡಿಸಿ ನೋಡಿದಳು, ವಸಡು ನೋಡಿದಳು.

"ಏನು ತಿಂದಿದೆ?"

"ಇಲಿ ಪಾಷಾಣ ತಿಂದ ಇಲಿಯನ್ನು ತಿಂದಿರಬೇಕು," ಅಂದ ಅಳಿಯ. "ಪಕ್ಕದ ಹೊಲದವರು ಇಟ್ಟಿದ್ದಾರೆ."

ಡಾಕ್ಟರಮ್ಮ ಸೂಜಿಗೆ ಔಷಧಿ ಎಳೆಯತೊಡಗಿದಳು. ಇಲಿ ಪಾಷಾಣಕ್ಕೆ ಕೊಡುವ ಔಷಧಿ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಅದಲ್ಲ," ಅಂದೆ. "ಕಣ್‌ವಲಿ ಮೊಳಕೆ ತಿಂದಿದೆ."

ಅವಳು ಸೂಜಿ ಕೆಳಗಿಟ್ಟಳು. "ಯಾವಾಗ?"

"ಬೆಳಿಗ್ಗೆ ನೋಡಿದೆ."

"ಬೆಳಿಗ್ಗೆ ನೋಡಿ ಈಗ ತಂದಿದ್ದೀರಾ ಪಾಟಿ?"

ಪಾಟಿ ಅಂದರೆ ಅಜ್ಜಿ. ಅಳಿಯ ನನ್ನನ್ನು ನೋಡಲಿಲ್ಲ. ಗೋಡೆಯ ಮೇಲಿನ ಹಸುವಿನ ಚಿತ್ರ ನೋಡುತ್ತಿದ್ದ.

ಈ ವಿಷ ಇಳಿಸುವ ಮದ್ದಿಲ್ಲ ಎಂದಳು ಅವಳು. ತಿಂದ ಕೂಡಲೇ ತಂದಿದ್ದರೆ ಹೊಟ್ಟೆ ಖಾಲಿ ಮಾಡಿಸಬಹುದಿತ್ತು, ಒಳಗೆ ಉಳಿದದ್ದನ್ನು ಇದ್ದಿಲಿಗೆ ಹೀರಿಸಬಹುದಿತ್ತು. ಈಗ ರಕ್ತಕ್ಕೆ ಹೋಗಿದೆ. ಆದರೂ ಕೈ ಬಿಡಲಿಲ್ಲ. ಮುಂಗಾಲಿನ ಕೂದಲು ಬೋಳಿಸಿ ಗ್ಲೂಕೋಸ್ ಹಾಕಿದಳು. ಮರುದಿನ ಬೆಳಿಗ್ಗೆ ಮತ್ತೆ ಹೋದೆವು. ನೀರು ಒಂದೊಂದು ಹನಿ ಇಳಿಯುವಷ್ಟು ಹೊತ್ತು ಅವಳು ನನ್ನ ಪಕ್ಕ ಕೂತು ಹೇಳಿದಳು, ನಾನು ಕೇಳಿದೆ. ಬೆಕ್ಕಿಗೆ ಆಗದ್ದು ಇದೊಂದೇ ಅಲ್ಲ. ಬೇಲಿಯ ಅರಳಿ ಗಿಡ, ನಮ್ಮ ಮಾತಲ್ಲಿ ಕಣಗಿಲೆ, ಅದರ ಎಲೆ ತಿಂದರೆ ಎದೆ ನಿಲ್ಲುತ್ತದೆ. ಕುಂಡದಲ್ಲಿ ಇಡುವ ಈಚಲಿನಂಥ ಸೈಕಾಸ್ ಗಿಡ ಲಿವರ್ ತೆಗೆಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಪಟ್ಟಣದವರು ಕಟ್ಟಿಕೊಡುವ ಬಿಳಿ ಲಿಲ್ಲಿ. ಅದರ ಪುಡಿ ಸಾಕು. ಮಂಕಾಗಿ ಮೂಲೆ ಸೇರಿದರೆ, ಊಟ ಬಿಟ್ಟರೆ, ಕಾಯಬೇಡಿ. ತಿಂದದ್ದರ ಚೂರನ್ನೂ ಜೊತೆಗೆ ತನ್ನಿ. ಮುಖ್ಯವಾಗಿ ಸುಳ್ಳು ಹೇಳಬೇಡಿ ಪಾಟಿ. ಬರೆದುಕೊಳ್ಳಲು ನನಗೆ ಬಾರದು, ಅದಕ್ಕೇ ಒಂದು ಮಾತೂ ಮರೆತಿಲ್ಲ.

ಪಾಪ್ಪಾ ಆ ಮಧ್ಯಾಹ್ನ ಮನೆಗೆ ಬರುವ ದಾರಿಯಲ್ಲಿ ಕ್ರೇಟಿನಲ್ಲೇ ಸತ್ತಿತು. ನನ್ನ ತೊಡೆಗೆ ಗೊತ್ತಾಯಿತು. ಆದರೂ ಗಾಡಿ ನಿಲ್ಲಿಸು ಎಂದು ಹೇಳಲಿಲ್ಲ.

ಅಳಿಯ ಹೊಲದ ಅಂಚಿನ ನುಗ್ಗೆ ಮರದ ಕೆಳಗೆ ಗುಂಡಿ ತೆಗೆದ. ಮಣ್ಣು ಮುಚ್ಚಿ ಕೈ ಕೊಡವಿಕೊಂಡು, ಆಗ ಮಾತಾಡಿದ. "ಅವಳಿಗೆ ಹೇಳಬೇಡಿ ಅತ್ತೆ. ಮೈ ತುಂಬಿದವಳಿಗೆ ಸಾವು ಹೇಳಬಾರದು. ಹೆರಿಗೆಯಾಗಲಿ. ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದಾರೆ ಎನ್ನೋಣ." ನನ್ನನ್ನು ಒಂದು ಮಾತು ಬೈಯಲಿಲ್ಲ. ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದವಳು ನಾನು. ಅವನು ನನಗೆ ಅಡಗಲು ಜಾಗ ಕೊಡುತ್ತಿದ್ದ.

ಮೂರು ದಿನ ಅಡಗಿದೆ. ಸಂಜೆ ಹಾಲು ಕಾಯಿಸಿದ ವಾಸನೆಗೆ ರುಕ್ಕು ಕಿಟಕಿ ಕಡೆ ತಿರುಗಿ, "ಇವತ್ತಾದರೂ ಕಳಿಸುತ್ತಾರಂತಾ?" ಎಂದು ತಮಿಳಿನಲ್ಲಿ ಕೇಳುತ್ತಿದ್ದಳು. ನಾನು ಒಂದೊಂದು ದಿನಕ್ಕೆ ಒಂದೊಂದು ಸುಳ್ಳು ಹುಡುಕಬೇಕಾಗಿತ್ತು. ಒಲೆಯ ಮುಂದೆ ಕೂತರೆ ಕಾಲ ಬಳಿ ಏನೂ ಇಲ್ಲ. ನಮ್ಮ ಮಾತು ಆಡಲು ಯಾರೂ ಇಲ್ಲ. ಒಂದೆರಡು ಸಲ ಅಭ್ಯಾಸಬಲದಿಂದ ಬಾಯಿ ತೆರೆದು, ನೆಲ ನೋಡಿ, ಮುಚ್ಚಿಕೊಂಡೆ.

ನಾಲ್ಕನೆಯ ದಿನ ಅವಳು ತಟ್ಟೆಯಿಂದ ಒಣಮೀನಿನ ತಲೆಯನ್ನು ಬದಿಗೆ ಎತ್ತಿಟ್ಟಳು, ಅದು ಬಂದರೆ ಹಾಕಲು. ನಾನು ತಟ್ಟೆ ಪಕ್ಕ ಕೂತೆ.

"ರುಕ್ಕು, ಪಾಪ್ಪಾ ಸತ್ತೋಯ್ತು. ಗೆಡ್ಡೆ ಕೋಣೇಲಿ ಇಲಿಗೆ ಅಂತ ನಾನೇ ಕೂಡಾಕ್ದೆ. ಮೊಳ್ಕೆ ತಿಂತು. ಬೆಳಿಗ್ಗೇನೆ ನೋಡಿದ್ರೂ ಸಂಜೆಗಂಟ ಬಾಯ್ ಬಿಡ್ಲಿಲ್ಲ. ನಿನ್ ಗಂಡಂದು ಏನೂ ಇಲ್ಲ. ಎಲ್ಲ ನಾನೇ."

ಅವಳು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು. ಮಗುವಿಗೆ ಏನಾದರೂ ಆದರೆ ಅದೂ ನನ್ನ ತಲೆಯ ಮೇಲೆಯೇ. ಅವಳು ಅಳಲಿಲ್ಲ. ನನ್ನ ಮುಖ ನೋಡಿ ಅಂದಳು:

"ನೀನು ಯಾವತ್ತೂ ಬಾಗ್ಲು ಹಾಕೋಳೇ ಅಲ್ವಾ ಅವ್ವಾ. ಒಳ್ಗಿರೋದು ಏನಾಯ್ತದೆ, ಹೊರ್ಗಿರೋದು ಏನಾಯ್ತದೆ, ನೋಡ್ದೋಳೇ ಅಲ್ಲ. ಹಾಕೋದು, ಹೋಗೋದು."

ಎಂಟು ವರ್ಷದ ಮೇಲೆ ಅವಳ ಬಾಯಲ್ಲಿ ನಮ್ಮ ಮಾತು ಕೇಳಿದ್ದು ಅದು. ಒಂದು ಅಕ್ಷರವೂ ಮರೆತಿರಲಿಲ್ಲ. ನನ್ನ ಅವ್ವ ಬೈಯುತ್ತಿದ್ದ ಹಾಗೇ ಬೈದಳು. ಇನ್ನೂ ಬೈಯಲಿ ಎಂದು ಕಾದೆ. ಅವಳು ಗೋಡೆಯ ಕಡೆ ಹೊರಳಿದಳು. ಮರುದಿನ ಬೆಳಿಗ್ಗೆ, "ಅಮ್ಮಾ, ಕಂಜಿ ಕುಡುಂಗ," ಅಂದಳು. ಗಂಜಿ ಕೊಡಿ. ಮತ್ತೆ ತಮಿಳು, ಮತ್ತೆ ಮರ್ಯಾದೆ.

ಮಗು ಉಳಿಯಿತು. ಆಡಿ ಕಳೆದು ಎರಡು ತಿಂಗಳಿಗೆ, ಪುರಟ್ಟಾಸಿಯಲ್ಲಿ, ಹೆಣ್ಣು ಹುಟ್ಟಿತು, ಗಟ್ಟಿ ಗಂಟಲಿನದು. ಅಷ್ಟರಲ್ಲಿ ಗೆಡ್ಡೆ ನೆಲಕ್ಕೆ ಹೋಗಿ, ಬಳ್ಳಿ ಎದ್ದು, ಎಲೆಯ ತುದಿಯನ್ನೇ ಸುರುಳಿ ಮಾಡಿ ಕಂಬಿ ಹಿಡಿದು ಹತ್ತಿತ್ತು. ಮರು ತಿಂಗಳು, ಐಪ್ಪಸಿಯಲ್ಲಿ, ಹೊಲಕ್ಕೆ ಹೊಲವೇ ಹೂ. ಅದು ಕಾಯಿ ಕಟ್ಟಬೇಕಾದರೆ ಬೆಳಿಗ್ಗೆ ಹೊತ್ತು ಕೈಯಿಂದಲೇ ಒಂದು ಹೂವಿನ ಪುಡಿಯನ್ನು ಇನ್ನೊಂದರ ತುದಿಗೆ ತಾಗಿಸಬೇಕು. ಹೆಂಗಸರ ಸಾಲಿನಲ್ಲಿ ನಾನೂ ನಿಂತು ತಾಗಿಸಿದೆ. ಅವರು ಹಾಡಿಕೊಳ್ಳುತ್ತಿದ್ದರು, ಬೈದಾಡಿಕೊಳ್ಳುತ್ತಿದ್ದರು. ನಾನು ಸಾಲಿನ ಕೊನೆಯಲ್ಲಿ ಸುಮ್ಮನೆ ಹೂ ಮುಟ್ಟುತ್ತಿದ್ದೆ. ಅಷ್ಟು ಚಂದದ ಹೂವನ್ನು ನಾನು ಅಷ್ಟು ಹತ್ತಿರದಿಂದ ಯಾವತ್ತೂ ನೋಡಿರಲಿಲ್ಲ. ಕೆಲಸ ಮುಗಿದರೆ ಬೋರಿನ ಹತ್ತಿರ ಸೋಪು ಹಾಕಿ ಮೊಣಕೈವರೆಗೆ ತೊಳೆದು, ಸೀರೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳುತ್ತಿದ್ದೆ. ರುಕ್ಕು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ನಾನು ತೊಳೆಯುವುದನ್ನು. ಕಾರ್ತಿಕ ಬಂತು, ನಾನು ಬಸ್ಸು ಹತ್ತಿದೆ.

ಆ ಮಗುವಿಗೆ ಈಗ ಆರು ವರ್ಷ. ಆ ಮನೆಯಲ್ಲಿ ಮತ್ತೆ ಬೆಕ್ಕು ಸಾಕಿಲ್ಲ. ರುಕ್ಕು ಭಾನುವಾರ ಫೋನ್ ಮಾಡುತ್ತಾಳೆ. ಊಟ ಆಯಿತಾ, ಮಾತ್ರೆ ನುಂಗಿದಿರಾ, ಎಲ್ಲ ತಮಿಳಿನಲ್ಲಿ. ಎರಡು ನಿಮಿಷ. ಅವಳಿಗೆ ಸಿಟ್ಟು ಬಂದಾಗ ಮಾತ್ರ ನಮ್ಮ ಮಾತು ಬರುತ್ತದೆ. ಅದು ಗೊತ್ತಾದ ಮೇಲೆ ನಾನು ಆಗಾಗ ಮಾತ್ರೆ ನುಂಗಿಲ್ಲ ಎಂದು ಹೇಳುತ್ತೇನೆ. ನುಂಗಿರುತ್ತೇನೆ.

ತೇನಿಯಿಂದ ಬಂದ ದಿನ ನಾನೇ ಫೋನ್ ಮಾಡಿದೆ. ಹೂ ಎಸೆದದ್ದನ್ನು ಹೇಳಿದೆ.

"ಅಯ್ಯೋ ಅವ್ವಾ! ಚಿಕ್ಕವ್ವನ್ ಮನೇಲಿ ಹೋಗಿ ಹಿಂಗ್ ಮಾಡ್ತಾರಾ? ನಾಲ್ಕ್ ಜನ್ರ ಎದುರ್ಗೆ ಹೂ ಎತ್ತಿ ಬಿಸಾಕೋದಾ? ನಿಂಗೆ ಹೇಳೋರು ಕೇಳೋರು ಯಾರೂ ಇಲ್ವಾ? ಬಾಯಲ್ಲಿ ಹೇಳಿದ್ರೆ ಆಯ್ತಿರ್ಲಿಲ್ವಾ?..."

ನಾನು ಜಗುಲಿಯಲ್ಲಿ ಕೂತು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದೆ. ಬೈದು ಬೈದು ಅವಳಿಗೆ ಉಸಿರು ಸಾಲದೆ ನಿಂತಳು. ಫೋನಿನಲ್ಲಿ ಅಲ್ಲಿಯ ಗಾಳಿಯ ಸದ್ದು ಕೇಳುತ್ತಿತ್ತು. ಇನ್ನು ತಮಿಳಿಗೆ ತಿರುಗಿ ಫೋನ್ ಇಡುತ್ತಾಳೆ ಎಂದುಕೊಂಡೆ.

"ಆ ಬೆಕ್ಕು ಮುಟ್ಟಿತ್ತಾ ಅವ್ವಾ, ಹೂನ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ ಕಣೆ. ಅಷ್ಟರಲ್ಲಿ ಎದ್ದೆ."

"ಸರಿ," ಅಂದಳು.